ರಸೀದಿ ಹರಿಯದ ದಿನ

ಕರಡಿಗೋಡಿನಲ್ಲಿ ಹೊಳೆಗೆ ಬೆನ್ನು ಹಾಕಿ
ಹನ್ನೊಂದು ವರ್ಷ ಕೂತಿದ್ದೇನೆ.
ಒಂದು ಮೇಜು, ಒಂದು ಮುದ್ರೆ, ನೀಲಿ ಕಾರ್ಬನ್ನು,
ಗಾಳದವರ ಹೆಸರು ಬರೆದು ರಸೀದಿ ಹರಿದು ಕೊಡುವ ಕೆಲಸ.
ಹೊಳೆಯೂ ಹರಿಯುತ್ತದೆ, ನಾನೂ ಹರಿಯುತ್ತೇನೆ;
ಲೆಕ್ಕ ಇರುವುದು ನನ್ನದಕ್ಕೆ ಮಾತ್ರ.

ಗೋಡೆಗೆ ದರಪಟ್ಟಿ. ಅದರ ಕೆಳಗೆ ಕೆಂಪಕ್ಷರ:
ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು,
ಜೀವಸಹಿತ ನೀರಿಗೇ ಬಿಡತಕ್ಕದ್ದು.
ಆ 'ತಕ್ಕದ್ದು' ಮಾಸಿದಾಗೆಲ್ಲ
ನಾನೇ ಬಣ್ಣ ಬಳಿದಿದ್ದೇನೆ.

ಬೊಳ್ಳಿ ಬಂದದ್ದು ಮೇ ತಿಂಗಳ ಕೊನೆಗೆ,
ತೋಟದ ಕೂಲಿ ಮುಗಿಸಿ, ಸೊಂಟದಲ್ಲಿ ಕತ್ತಿ,
ಕಂಕುಳಲ್ಲಿ ಆಗಷ್ಟೇ ಹೆಣೆದ ಬಿದಿರ ಕೂಳಿ.
ಹಲಗೆ ಓದಿ ಹೇಳಿದೆ.
"ದುಡ್ಡು ಕೊಟ್ಟು ಹಿಡಿದು, ಆಮೇಲೆ ಬಿಡೋದಾ?"
ನಕ್ಕಳು. ಗೇಲಿಯಲ್ಲ,
ಅಳಿಯನ ಬೇಟೆ ಕತೆಗೆ ಅತ್ತೆ ನಗುವ ಹಾಗೆ.
"ನಮಗೆ ಬೇಕಾದದ್ದು ಸಾರಿಗೆ, ಅಣ್ಣ.
ಚೀಟಿ ಬೇಡದ ದಿನ ಯಾವುದು, ಅದನ್ನ ಹೇಳಿ."

ಪುಸ್ತಕ ತಿರುವಿದೆ. ಮಡಿಕೇರಿಗೆ ಫೋನು ಮಾಡಿದೆ.
ಮಡಿಕೇರಿ ಊಟಕ್ಕೆ ಹೋಗಿತ್ತು.
ಹೊಳೆಯಲ್ಲಾದರೆ ಚೀಟಿ ಬೇಕು, ಕಟ್ಟೆಯಲ್ಲಾದರೂ ಬೇಕು,
ದೇವರ ಗುಂಡಿಯಲ್ಲಿ ಯಾರಿಗೂ ಇಲ್ಲ,
ಮೊಟ್ಟೆಯಿಡುವ ಮಳೆಗಾಲದಲ್ಲಿ ಚೀಟಿ ಇದ್ದವನಿಗೂ ಇಲ್ಲ.
ಗದ್ದೆಯ ಬಗ್ಗೆ ಪುಸ್ತಕ ಸುಮ್ಮನಿತ್ತು.
"ಹೊಳೆ ತಾನೇ ಗದ್ದೆಗೆ ಬಂದರೆ?"
"ಗದ್ದೆ ನಿನ್ನದಾಗಿದ್ದರೆ..."
ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದೆ.
ಅವಳಿಗಿದ್ದದ್ದು ಲೈನುಮನೆಯ ಹಿಂದೆ
ಕೆಸುವಿನ ನಾಲ್ಕು ಬುಡ.

ಕಕ್ಕಡ ಹದಿನೆಂಟು. ಮದ್ದುಸೊಪ್ಪಿನ ಪಾಯಸ ಉಂಡು
ಮಕ್ಕಳು ನೇರಳೆ ನಾಲಗೆ ತೋರಿಸಿಕೊಂಡು ಮಲಗಿದ ರಾತ್ರಿ
ಹೊಳೆ ಎದ್ದಿತು.

ಬೆಳಿಗ್ಗೆ ನೀರೊಳಗೆ ಕೈಯಾಡಿಸಿ
ಕಚೇರಿಯ ಬೀಗ ಹುಡುಕಿ ತೆಗೆದೆ.
ರಸೀದಿ ಪುಸ್ತಕಗಳು ಹೊಟ್ಟೆಯುಬ್ಬಿ ತೇಲುತ್ತಿದ್ದವು.
ನನ್ನ ಕುರ್ಚಿ ಬಾಗಿಲ ತನಕ ಬಂದು
ಗಿರಾಕಿಯಂತೆ ಕಾಯುತ್ತಿತ್ತು.
ಕಡತ ಹೊರಲು ಬಂದ ನಾಲ್ವರಲ್ಲಿ ಬೊಳ್ಳಿಯೂ ಇದ್ದಳು,
ತಲೆಗೆ ಗೊಬ್ಬರ ಚೀಲದ ಕೊಪ್ಪೆ.
ಒಂದು ಹೊರೆ ಎತ್ತಿದಳು. ಎರಡನೆಯದಕ್ಕೆ ಬಂದವಳು
ಕಾಲಿಗೇನೋ ತಾಗಿ ಉಸಿರು ಹಿಡಿದು ನಿಂತಳು.
ಕಸದ ಬುಟ್ಟಿಯನ್ನು ಮೆಲ್ಲಗೆ ಕವುಚಿ,
ತಳದ ತೂತಿನಲ್ಲಿ ಕೈ ಇಳಿಸಿ ಎತ್ತಿದರೆ
ಮೊಳದುದ್ದ ಮುರುಗೋಡು, ಮೀಸೆ ಕುಣಿಸುತ್ತ,
ದರಪಟ್ಟಿಯ ನೇರ ಕೆಳಗೆ.

ಹನ್ನೊಂದು ವರ್ಷದ ಅಭ್ಯಾಸ ನನ್ನ ಬಾಯಲ್ಲಿ ಮಾತಾಡಿತು:
"ಬಿಡತಕ್ಕದ್ದು."
"ಎಲ್ಲಿಗೆ?" ಅಂದಳು.

ಕಿಟಕಿಯಾಚೆ ನೋಡಿದೆ: ನೀರು.
ಕಿಟಕಿಯೀಚೆ ನೋಡಿದೆ.
ಚೀಟಿಯಿಲ್ಲದೆ ಒಳಗೆ ಬಂದದ್ದು ಯಾರು,
ಅವಳೋ, ಮೀನೋ, ಹೊಳೆಯೋ?
ಮುದ್ರೆ ಎಲ್ಲಿ ಮುಳುಗಿತ್ತೋ.
ಗೋಡೆಯ ಕಡೆ ತಿರುಗಿ ಕಡತ ಎಣಿಸತೊಡಗಿದೆ:
ಒಂದು, ಎರಡು,
ಮತ್ತೆ ಒಂದು.

ಲೈನುಮನೆಯೂ ಆ ರಾತ್ರಿಯೇ ಹೋಗಿತ್ತಂತೆ.
ಕೆಸುವಿನ ಬುಡಗಳೂ. ಕೂಳಿಯೂ.
ನನಗೆ ತಿಳಿದದ್ದು ಸಂಜೆ,
ಶಾಲೆಯ ಜಗಲಿಯಲ್ಲಿ, ಚಾಪೆ ಹಂಚುವಾಗ.
ಆ ಹೊತ್ತಿಗೆ ಕಲ್ಲೊಲೆಯ ಮೇಲೆ ಕಾಚಂಪುಳಿ ಕುದಿಯುತ್ತಿತ್ತು,
ಊರಿಡೀ ಮೂಗು ಅತ್ತ ತಿರುಗಿತ್ತು.

ಹದಿನಾರು ಮಂದಿ, ಒಂದು ಮೀನು.
ನಡುವಿನ ತುಂಡನ್ನು ನನ್ನ ಬುತ್ತಿ ಮುಚ್ಚಳಕ್ಕೆ ಹಾಕಿ
"ಮುಳ್ಳಿದೆ, ನೋಡಿಕೊಂಡು ತಿನ್ನಿ" ಎಂದಳು.

ಆ ಒಂದು ನಿಯಮ ಪಾಲಿಸಿದೆ.