ಆರು ಅಂಕಿ

ವಾಸ್ಕೋ, ಕೌಂಟರ್ ನಂಬರ್ ಎರಡು.
ಒಪ್ಪಿಗೆ ಬರೆಸಿಕೊಳ್ಳುವುದು ನನ್ನ ಕೆಲಸ.
ಕೊಂಕಣಿಗೆ ಕೊಂಕಣಿ, ಹಿಂದಿಗೆ ಹಿಂದಿ,
ಝುವಾರಿನಗರದ ಬಸ್ಸಿಳಿದು ಬಂದವರಿಗೆ
ನನ್ನವ್ವ ಬೈನಾದಲ್ಲಿ ಬೈಯುತ್ತಿದ್ದ ಕನ್ನಡ.

ಫಾರ್ಮು ಮಾತ್ರ ಇಂಗ್ಲಿಷಿನದು, ಏಳು ಕಲಮು,
ಎಲ್ಲೂ ಉಸಿರು ಬಿಡುವುದಿಲ್ಲ. ನಾನು ಬಿಡಿಸಿ ಹೇಳುತ್ತೇನೆ:
'ನಿನ್ನ ಜಡ್ಡಿನ ಕಾಗದ ನಿಂದು.
ನೀ ಹೂಂ ಅಂದ್ರಷ್ಟ ಆ ದವಾಖಾನಿಯಿಂದ ಈ ದವಾಖಾನಿಗೆ ಬರತೈತಿ.
ಬ್ಯಾಡ ಅನಿಸಿದ ದಿನ ಹೂಂ ಅಂದದ್ದನ್ನ ವಾಪಸ್ ತಗೋಬಹುದು.'

'ನಂದಾ?' ಅಂದಳು ಹುಲಿಗೆವ್ವ.
ಖಾರಿವಾಡದ ಜೆಟ್ಟಿಯಲ್ಲಿ ಮೀನಿನ ಬುಟ್ಟಿ ಹೊರುವವಳು,
ಪಿತ್ತಕೋಶದಲ್ಲಿ ಕಲ್ಲು, ಗುರುವಾರ ಆಪರೇಷನ್.
ನಿಂದು ಎಂಬ ಮಾತು ಕೇಳಿ
ಬೇರೆ ಯಾರಿಗೋ ಹೇಳಿದೆನೇನೋ ಎಂದು
ಹಿಂತಿರುಗಿ ನೋಡಿದಳು.

ಹಳೆಯ ಕಾಗದ ಬಾಂಬೋಳಿಯಲ್ಲಿದೆ.
ಒಂಬತ್ತು ವರ್ಷದ ಹಿಂದೆ, ಮೂರನೆಯದೂ ಹೆಣ್ಣಾದ ಮರುದಿನ,
ಮನೆಯವರು ಮುಖ ತಿರುವಿ ಎದ್ದುಹೋದ ಮಧ್ಯಾಹ್ನ
ತಾನೇ ಹೆಬ್ಬೆಟ್ಟೊತ್ತಿ ಮಾಡಿಸಿಕೊಂಡದ್ದು.
ಸೂಜಿ ಕೊಟ್ಟೊಡನೆ ಮೈ ಸೆಟೆದು, ಉಸಿರು ನಿಂತು,
ಎರಡು ದಿನ ಗಾಜಿನ ಕೋಣೆ.
ಅತ್ತೆಗೆ ಇವತ್ತಿಗೂ ಗೊತ್ತಿಲ್ಲ, ಗಂಡ ಯಂಕೋಬನಿಗೂ.
ಹುಣ್ಣಿಮೆ ಹುಣ್ಣಿಮೆಗೆ ಗಂಡು ಬೇಡಿ ಹರಕೆ ಹೊರುತ್ತಾರೆ,
ಇವಳೂ ಜೊತೆಗೆ ಕೂತು ಕಾಯಿ ಸುಲಿಯುತ್ತಾಳೆ.

ಯಾವ ಔಷಧ ಕೊಲ್ಲಬಹುದು ಎಂಬುದೂ
ಯಾವ ನಾಳ ಕಟ್ಟಿಸಿಕೊಂಡಳು ಎಂಬುದೂ
ಒಂದೇ ಹಾಳೆಯಲ್ಲಿವೆ, ಮೂರು ಸಾಲಿನ ಅಂತರದಲ್ಲಿ.
ಹಾಳೆ ಕೊಡಬಹುದು, ಬಿಡಬಹುದು.
ಸಾಲು ಹರಿದು ಕೊಡಲು ನನ್ನ ಪರದೆಯಲ್ಲಿ ಗುಂಡಿಯಿಲ್ಲ.

'ಡಾಕ್ಟರ ನೋಡಿದ್ರ ನೋಡ್ಲಿ, ಅವ್ರು ಎಷ್ಟೋ ಹೊಟ್ಟಿ ನೋಡ್ಯಾರ.
ಆ ಆರು ಅಂಕಿ ಯಾರ ಫೋನಿಗೆ ಬರತಾವು?'

ಏಳು ಕಲಮುಗಳಲ್ಲಿ ಈ ಪ್ರಶ್ನೆ ಇರಲಿಲ್ಲ.
ನೋಂದಾಯಿಸಿದ ಸಂಖ್ಯೆ, ಕೊನೆಗೆ ಎರಡು ಏಳು ಒಂದು ಏಳು:
ಯಂಕೋಬನ ಅಂಗಿಯ ಜೇಬು.

ಚಂಚಿ ಬಿಚ್ಚಿದಳು. ಅಡಿಕೆ ಚೂರಿನ ಅಡಿಯಿಂದ ಒಂದು ಚೀಟಿ.
ಆವತ್ತು ಸಿಸ್ಟರ್ ಎಸ್ಪೆರಾನ್ಸಾ ಬರೆದುಕೊಟ್ಟದ್ದು,
ಎಲ್ಲಿ ಮಲಗಿಸಿದರೂ ಮೊದಲು ಇದನ್ನು ತೋರಿಸು ಎಂದು.
ಒಂಬತ್ತು ವರ್ಷ ಸುಣ್ಣ ತಿಂದು ಉಳಿಸಿದ್ದು
ತುದಿಯ ಒಂದೆರಡಕ್ಷರ. ಲಿನ್.
ಲಿನ್ ಎಂದು ಮುಗಿಯುವವು
ನಮ್ಮ ಫಾರ್ಮಸಿಯಲ್ಲಿ ಒಂದು ಕಪಾಟು ತುಂಬ ಇವೆ.

'ನಂಬರ ಬದಲಿಸಬಹುದು. ಹೆಬ್ಬೆಟ್ಟು ಇಡು.'
ಯಂತ್ರ ಒಲ್ಲೆ ಅಂದಿತು.
ಮಂಜುಗಡ್ಡೆ, ಉಪ್ಪುನೀರು, ಬಂಗಡೆಯ ಈಜುರೆಕ್ಕೆ
ಸವೆಸಿ ನುಣ್ಣಗೆ ಮಾಡಿದ ಬೆರಳು.
ಸೆರಗಿಗೆ ಒರೆಸಿ ಮತ್ತೊಮ್ಮೆ. ಇಲ್ಲ.
ನನ್ನ ಜಡೆಯ ಎಣ್ಣೆ ಸವರಿ ಮೂರನೆಯ ಸಲ
ಹಸಿರು ದೀಪ.

'ಯಾರ ನಂಬರ ಬರೀಲಿ?'

ಹಿಂದಿನ ಸಾಲು ಗೊಣಗಿತು. ಬಂದರಿನ ಕಲ್ಲಿದ್ದಲ ಲಾರಿ ದಾಟಿ
ಕಿಟಕಿಯ ಗಾಜು ಗಡಗಡ ಅಂದಿತು.
ಅವಳು ಹತ್ತು ಅಂಕಿ ಹೇಳಿದಳು, ಒಂದೊಂದಕ್ಕೂ ಒಂದೊಂದು ಬೆರಳು ಮಡಚಿ.

ಹಿರಿಮಗಳು ಭಾಗ್ಯವಂತಿ ಶಾಲೆಯ ಚೀಲದ ಸಮೇತ ಓಡಿಬಂದಳು.
ಗಾಜೊಡೆದ ಫೋನು, ಟ್ಯೂಷನ್ ಪಾಠಕ್ಕೆಂದು ಕೊಡಿಸಿದ್ದು.
ಮಗ್ಗಿ ಒಪ್ಪಿಸುವ ದನಿಯಲ್ಲಿ ಓದಿದಳು:
ನಾಕು, ಸೊನ್ನೆ, ಎಂಟು, ಎಂಟು, ಒಂದು, ಆರು.

ಹಾಳೆ ತೆರೆದುಕೊಂಡಿತು,
ನನ್ನ ಪರದೆಯಲ್ಲೂ ಅವಳ ಅಂಗೈಯಲ್ಲೂ.
ಔಷಧದ ಹೆಸರನ್ನು ಕೆಂಪು ಶಾಯಿಯಲ್ಲಿ
ಅಕ್ಷರ ಅಕ್ಷರ ಬರೆದುಕೊಂಡು ನಾನು ತಲೆಯೆತ್ತಿದಾಗ
ಹುಡುಗಿ ಫೋನು ಬೋರಲು ಹಾಕಿ
ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.
ಅವ್ವನ ಮುಖ ನೋಡಲಿಲ್ಲ.

'ಇದನ್ನ ಅಳಸೂದು ಹ್ಯಾಂಗ್ರೀ, ಅಕ್ಕಾ?'