ಇಳಿಸವಾಲು

ನಮ್ಮ ಪೆನಿಶೆ ಬಂದರಿನಲ್ಲಿ ಮೀನಿನ ಬೆಲೆ ಏರುವುದಿಲ್ಲ,
ಇಳಿಯುತ್ತದೆ.
ಕೂಗುವವನು ಮೇಲಿಂದ ಹಿಡಿದು ಬರುತ್ತಾನೆ:
ನೂರು ತೊಂಬತ್ತೊಂಬತ್ತು ತೊಂಬತ್ತೆಂಟು,
ಉಸಿರು ಬಿಡದೆ, ದಾರದಿಂದ ಮಣಿ ಜಾರಿದ ಹಾಗೆ.
ಬೇಕಾದವಳು ನಡುವೆ 'ಶುಯ್' ಅಂದರೆ ಆಯಿತು,
ಬುಟ್ಟಿ ಅವಳದು.
ಅವಸರಪಟ್ಟರೆ ದುಡ್ಡು ದಂಡ,
ತಡೆದರೆ ಪಕ್ಕದವಳ ಪಾಲು.

ಇಪ್ಪತ್ತೊಂಬತ್ತು ವರ್ಷ ಹಾಗೆ ಕೂಗಿದವನು ಬೆಲ್ಮಿರು.
ಅವನ ಬಾಯಿಗೆ ಅಡ್ಡ ಬಂದವಳು ನಾನು.
ಭೂತಾಯಿ ಕೊಳ್ಳಹೋದವಳು
ಸವಾಲಿನವನನ್ನೇ ಕೊಂಡು ಬಂದಳೆಂದು
ಹಡಗುಕಟ್ಟೆಯೆಲ್ಲ ನಕ್ಕಿತ್ತು.
ಆಮೇಲೆ ಗೋಡೆಗೆ ಅಂಕಿ ಓಡುವ ಹಲಗೆ ಬಂತು,
ಕೊಳ್ಳುವವರ ಕೈಗೆ ಗುಂಡಿ ಬಂತು,
ಅವನ ಗಂಟಲಿಗೆ ರಜೆ.

ಮಾರ್ಚಿನಲ್ಲಿ ಒಂದು ಬೆಳಗ್ಗೆ
ಎಡಗೈಯಿಂದ ಕಾಫಿಲೋಟ ಜಾರಿತು.
ಜಾರಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಈಗ ಚಿಕಿತ್ಸೆಯ ಮನೆಯ ಉದ್ದ ಪಡಸಾಲೆ,
ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿ,
ಕೊನೆಯಲ್ಲೊಂದು ಕುರ್ಚಿ.
ಇವೋನಿ ಎಂಬ ಹುಡುಗಿ, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು:
'ನಡೀರಿ. ನಡೀತಾ ನಡೀತಾ
ನೂರರಿಂದ ಏಳೇಳು ಕಳೀತಾ ಬನ್ನಿ.'
ನಕ್ಕುಬಿಟ್ಟ.
ಇಳಿಸಿ ಇಳಿಸಿಯೇ ಹೊಟ್ಟೆ ಹೊರೆದವನಿಗೆ ಇದೂ ಒಂದು ಲೆಕ್ಕವೇ?

ನೂರು. ಎಡಗಾಲು ಎತ್ತಿದ.
ತೊಂಬತ್ತಮೂರು.
ಕಾಲು ಅಲ್ಲೇ,
ಬರಬೇಕಾದ ಬಸ್ಸಿಗೆ ಕಾದವರ ಹಾಗೆ.
ಕಾಲು ಹೊರಟರೆ ಅಂಕಿ ನಿಲ್ಲುತ್ತದೆ,
ಅಂಕಿ ಹೊರಟರೆ ಕಾಲು.
ಒಂದೇ ಬಾಗಿಲಲ್ಲಿ ಇಬ್ಬರು ನೆಂಟರು
ನೀವು ಮೊದಲು, ಛೆ ನೀವು ಮೊದಲು ಎಂದು
ಹೊಸ್ತಿಲಲ್ಲೇ ಸಂಜೆ ಮಾಡಿದಂತೆ.

ಎರಡು ದೋಣಿಯಲ್ಲಿ ಕಾಲಿಡಬಾರದೆಂದು
ಬಂದರಿನಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.
ಇವೋನಿಗೆ ಅದನ್ನೇ ಅಂದೆ.
'ಕೂತು ಎಣಿಸಿದರೆ ತಪ್ಪಿಲ್ಲ, ಸುಮ್ಮನೆ ನಡೆದರೂ ಬೀಳಲ್ಲ.
ಆದರೆ ಬೀದಿ ಒಂದೊಂದಾಗಿ ಬರುತ್ತಾ, ಹೇಳಿ?
ಅತ್ತ ವ್ಯಾನು, ಇತ್ತ ಗುರುತಿನವರ ಕೂಗು,
ಕಂಕುಳಲ್ಲಿ ಬ್ರೆಡ್ಡು, ಜೇಬಲ್ಲಿ ಚಿಲ್ಲರೆ.'

ಮನೆಯಲ್ಲಿ ನಾನೇ ಗುರು.
ಒಲೆಯಿಂದ ಕಿಟಕಿಗೆ ತುಂಬಿದ ಬಟ್ಟಲು ಹಿಡಿದು ನಡೆ,
ನಡೆಯುತ್ತ ನಿನ್ನ ಕಾಲದ ದೋಣಿಗಳ ಹೆಸರು ಹೇಳು.
ಮೂರನೆಯ ದೋಣಿಗೆ ನೀರು ನೆಲದ ಪಾಲು,
ಐದನೆಯದಕ್ಕೆ ಬಟ್ಟಲೇ ಗೋಡೆಯ ಪಾಲು.
ಚೂರು ಗುಡಿಸಿದೆ. ಮಾತಾಡಲಿಲ್ಲ.
ಅಂದು ರಾತ್ರಿ ಎಚ್ಚರವಾದಾಗ
ಕತ್ತಲಲ್ಲಿ ಪಿಸಪಿಸ: ಎಪ್ಪತ್ತೊಂಬತ್ತು... ಎಪ್ಪತ್ತೆರಡು...
ಹೊದಿಕೆಯ ಕೆಳಗೆ ಎಡಗಾಲ ಬೆರಳು
ಒಂದೊಂದು ಅಂಕಿಗೆ ಒಂದೊಂದು ಸಲ
ಅಲುಗುತ್ತಿತ್ತು, ಕದ್ದು.
ನಾನು ನಿದ್ದೆಯವಳ ಹಾಗೆ ಉಸಿರಾಡಿದೆ.

ನವೆಂಬರಿನ ಒಂದು ಗುರುವಾರ.
ಗಾಜಿನಾಚೆ ಕಡಲು ಬೂದಿಬಣ್ಣ, ಪಡಸಾಲೆಯಲ್ಲಿ ಮದ್ದಿನ ವಾಸನೆ.
ಐವತ್ತೆಂಟು, ಹೆಜ್ಜೆ. ಐವತ್ತೊಂದು,
ತುಸು ವಾಲಿದ; ಇವೋನಿಯ ಕೈ ಮುಂದೆ ಬಂದು, ಮುಟ್ಟದೆ, ನಿಂತಿತು.
ನಲವತ್ತನಾಲ್ಕು, ಹೆಜ್ಜೆ.
ಮೂವತ್ತೇಳು—
'ಶುಯ್!'

ನನ್ನ ಬಾಯಿಂದಲೇ ಬಂದದ್ದು.
ಹಳೆಯ ಚಟ, ತಡೆಯಲಾಗಲಿಲ್ಲ.
ನಾಲಿಗೆ ಕಚ್ಚಿಕೊಂಡೆ: ಬಿದ್ದ, ಇನ್ನೇನು ಬಿದ್ದ.

ಅವನು ಕತ್ತು ಹೊರಳಿಸಿದ, ಬಲಗಣ್ಣು ಕಿರಿದು ಮಾಡಿ
ಸವಾಲುಕಟ್ಟೆಯ ಗಂಟಲಲ್ಲಿ ಅಂದ:
'ಅವಸರಪಟ್ಟೆ ಕಣೇ. ಇನ್ನೂ ಇಳೀತಿತ್ತು.'

ಅಷ್ಟು ಹೇಳುವಷ್ಟರಲ್ಲಿ ಅವನಿಗೂ ತಿಳಿಯದೆ
ಎಡಗಾಲು ಒಂದು ಸಲ,
ಮತ್ತೂ ಒಂದು ಸಲ
ಹಳದಿ ಪಟ್ಟಿ ದಾಟಿತ್ತು.

ಇವೋನಿ ಪೆನ್ನು ತೆಗೆದಳು, ಬರೆಯಲಿಲ್ಲ.
'ಎಷ್ಟಕ್ಕೆ ಬಿಟ್ಟಿದ್ದೆ?' ಎಂದ.
ಅವನಿಗೂ ನೆನಪಿಲ್ಲ, ನನಗೂ ಇಲ್ಲ.
ಕುರ್ಚಿ ಇನ್ನೂ ಆರು ಹೆಜ್ಜೆ ದೂರ.
'ನೂರರಿಂದ,' ಅಂದಳು ಹುಡುಗಿ.
ಅವನು ಗಂಟಲು ಸರಿಮಾಡಿಕೊಂಡ.