ಡೋರ್ಡಿ ಚಿಕ್ಕಜ್ಜಿಗೆ, ಉಪ್ಪಿನ ವಿಚಾರ

ನಿನ್ನದೊಂದೇ ಪಟ ಉಳಿದಿದೆ, ಡೋರ್ಡಿ ಚಿಕ್ಕಜ್ಜಿ.
ವಾರ್ಡೋ ಬಂದರಿನ ಕಟ್ಟೆ, ಮೀನಿನ ಪೀಪಾಯಿಗಳು,
ಸಾಲಾಗಿ ಹನ್ನೊಂದು ಹೆಂಗಸರು. ಹತ್ತು ಮುಖ ಹಿಟ್ಟಿನ ಬಿಳುಪು,
ನಿನ್ನದು ಮಾತ್ರ ಸೀದ ರೊಟ್ಟಿ.
ಹಿಂಬದಿಯಲ್ಲಿ ಪೆನ್ಸಿಲು: ಜನವರಿ ಕೊನೆ, ೧೯೩೧.
ಎರಡು ತಿಂಗಳ ಕತ್ತಲು ಮುಗಿದು
ವಾರವಷ್ಟೇ ಆಗಿತ್ತು. ನಿನಗೆಲ್ಲಿ ಸಿಕ್ಕಿತು ಅಷ್ಟು ಬಿಸಿಲು
ಅಂತ ಯಾರೂ ಕೇಳಲಿಲ್ಲವಂತೆ.
ಕಳ್ಳಿ ಅಂದರು, ಪೀಪಾಯಿಯ ಹರಳುಪ್ಪನ್ನು
ಹಿಡಿಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದುದಕ್ಕೆ.
ಉಪ್ಪು ತಿಂದವಳು ನೀರು ಕುಡಿಯಲಿ ಅಂದರು.
ಮಾರ್ಚಿನಲ್ಲಿ ನೆಗಡಿ ಬಂತು. ಮೂರನೇ ದಿನ ನೀನಿಲ್ಲ.
ಇವತ್ತಿಗೂ ನಿನ್ನ ಹೆಸರಿಗಂಟಿದ ಮಾತು:
ಗಟ್ಟಿ ಇರಲಿಲ್ಲ, ಪಾಪ.

ನನ್ನನ್ನು ಕೇಳಿದರು. ನಗುನಗುತ್ತಲೇ ಕೇಳಿದರು,
ಸ್ಪೇನಿಗೆ ಹೋಗಿದ್ದೆಯಾ ರಾಗ್ನ್‌ಫ್ರಿಡ್, ಒಳ್ಳೇ ಬಣ್ಣ ಬಂದಿದೆ!
ಸ್ಪೇನಿಗೆಲ್ಲಿ. ಶಾಲೆಯ ಮೆಟ್ಟಿಲು ಹತ್ತಲು
ಎರಡು ಸಲ ಕೂರುತ್ತಿದ್ದೆ. ಎದ್ದರೆ ನೆಲ ಜಾರುತ್ತಿತ್ತು.
ರಾತ್ರಿ ಅಡುಗೆಮನೆಯ ದೀಪ ಹಾಕದೆ
ಉಪ್ಪುಸೌತೆಯ ನೀರನ್ನು ಜಾಡಿಯಿಂದಲೇ ಕುಡಿಯುತ್ತಿದ್ದೆ.
ಒಬ್ಬ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು, ಒಬ್ಬರು ಬೆಳಕಿನ ಪೆಟ್ಟಿಗೆ,
ಒಬ್ಬರು ಮನೋವೈದ್ಯರ ವಿಳಾಸ.

ಬದಲಿಗೆ ಬಂದ ಹುಡುಗಿ, ಎದೆಯ ಮೇಲೆ ಹೆಸರಿನ ಬಿಲ್ಲೆಯೂ ಇಲ್ಲದವಳು,
ಅಂಗೈ ಬಿಡಿಸಿ ಎಂದಳು. ಗೆರೆ ನೋಡಿದಳು
ಕಣಿ ಹೇಳುವವಳ ಹಾಗೆ. ಗೆರೆಗಳೊಳಗೆ ಕಪ್ಪು ಕೂತಿತ್ತು.
ವಸಡು ನೋಡಿದಳು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ
ರಕ್ತದೊತ್ತಡ ಅಳೆದು, ಕುರ್ಚಿ ಹತ್ತಿರಕ್ಕೆಳೆದು,
ಉಪ್ಪು ತಿನ್ನಬೇಕು ಅನಿಸುತ್ತದಾ? ಅಂತ ಕೇಳಿದಳು.

ಅತ್ತುಬಿಟ್ಟೆ, ಚಿಕ್ಕಜ್ಜಿ.

ಮೂತ್ರಪಿಂಡಗಳ ನೆತ್ತಿಗೆ ಎರಡು ಪುಟ್ಟ ಟೋಪಿಗಳಿವೆ.
ನಿನ್ನವನ್ನು ಕ್ಷಯ ತಿಂದಿತೋ, ನನ್ನ ಹಾಗೆ
ಸ್ವಂತ ರಕ್ತವೇ ಯಾರೋ ಅಂದುಕೊಂಡು ತಿಂದಿತೋ.
ನನಗೆ ಒಂದು ಚುಚ್ಚು, ಅರ್ಧ ಗಂಟೆ, ಮತ್ತೊಂದು ಸೀಸೆ ರಕ್ತ:
ಅಷ್ಟರಲ್ಲಿ ತಿಳಿದುಹೋಯಿತು.

ಮೊದಲು ಮಾತ್ರೆ. ನುಂಗಿ ಮುಕ್ಕಾಲು ಗಂಟೆಯ ತನಕ ನಾನು ಹೆಣವೇ.
ಈಗ ಸೊಂಟದಲ್ಲೊಂದು ಪಂಪು, ಸಾಬೂನಿನ ಬಿಲ್ಲೆಯಷ್ಟು.
ಎಲ್ಲರ ಮೈಯಲ್ಲೂ ಬೆಳಗಿಗೆ ಮುಂಚೆ ಇನ್ನೊಂದು ಬೆಳಗಾಗುತ್ತದಂತೆ,
ನಸುಕಿನ ಮೂರಕ್ಕೇ ಏರತೊಡಗುತ್ತದಂತೆ.
ಯಂತ್ರಕ್ಕೆ ಅದನ್ನು ಕಲಿಸಿದ್ದಾರೆ.
ಹೊರಗೆ ಡಿಸೆಂಬರು, ಇದ್ದಿಲು ಬಳಿದ ಆಕಾಶ,
ಊರಿಗೆ ಊರೇ ಜನವರಿಗೆ ಕಾಯುತ್ತಾ ಮಲಗಿದೆ;
ಚರ್ಮದಡಿ ಹನಿಹನಿಯಾಗಿ
ನನಗೊಬ್ಬಳಿಗೆ ಹೊತ್ತು ಹುಟ್ಟುತ್ತದೆ.

ಹೆದರಿಕೆ ಹೋಗಿಲ್ಲ. ವಾಂತಿಯಾದರೆ ಓಡಬೇಕು.
ಗಂಡ ಟೋರ್ಗೈರ್, ಗಾಳ ಕಟ್ಟುವ ಕೈಯವನು,
ಕಿತ್ತಳೆಹಣ್ಣಿಗೆ ಸೂಜಿ ಚುಚ್ಚಿ ಕಲಿತ. ಮೊದಲ ದಿನ ಬೆವೆತಿದ್ದ.
ಮಗಳು ಸುನ್ನಿವಾಗೆ ಸೂಜಿಯೂ ಬೇಡವಂತೆ.
ಎದ್ದ ಕೂಡಲೇ ಹತ್ತಿ ಜಗಿದು, ಕೊಳವೆಗೆ ಹಾಕಿ,
ಅಂಚೆಗೆ ಕೊಟ್ಟರಾಯಿತು. ಎಂಜಲು ಓದುವವರಿದ್ದಾರೆ ಈಗ.
ಉತ್ತರ ಬಂದಿಲ್ಲ.

ನಿನ್ನ ಪಟವನ್ನು ಆ ಹುಡುಗಿಗೆ ತೋರಿಸಿದೆ.
ಗೆಣ್ಣುಗಳನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ,
ಏನೂ ಹೇಳಲಿಲ್ಲ. ನನ್ನ ಕಡತ ತೆರೆದು,
'ಕುಟುಂಬದಲ್ಲಿ ಯಾರಿಗಾದರೂ' ಎಂಬಲ್ಲಿ ನಿನ್ನ ಹೆಸರು ಬರೆದಳು,
ಕಾಗುಣಿತ ಕೇಳಿಕೊಂಡು,
ಮುಂದೊಂದು ಪ್ರಶ್ನೆಚಿಹ್ನೆ ಇಟ್ಟು.